ದಾರಿ ಬಿಡುವ ಡೆಸ್ಮಂಡ್

ಬೆಳಗ್ಗೆ ಹತ್ತಕ್ಕೆ ಡೇರೆಯ ಬಾಗಿಲು ಹಾಕುತ್ತಾರೆ. ಆಮೇಲೆ ಯಾರು ಬಂದು ಬೇಡಿಕೊಂಡರೂ ತೆಗೆಯುವುದಿಲ್ಲ. ಇದು ಬೆರಿಲ್ ಆಗ್ಡೆನ್‌ಗೆ ಚೆನ್ನಾಗಿ ಗೊತ್ತು. ಹೋದ ವರ್ಷ, ಅದರ ಹಿಂದಿನ ವರ್ಷ, ಆ ಬಾಗಿಲ ಹೊರಗೆ ಕೇಕಿನ ಡಬ್ಬಿ ಹಿಡಿದು ನಿಂತವಳು ಅವಳೇ.

ವಿದರ್‌ಕಂಬ್ ಅವಳು ಹುಟ್ಟಿದ ಊರು. ಡೆವನ್ ಸೀಮೆಯ ಒಂದು ತಗ್ಗಿನಲ್ಲಿದೆ. ಆಗಸ್ಟ್ ಬಂದರೆ ಅಲ್ಲಿನವರು ಚರ್ಚಿನ ಪಕ್ಕದ ಹೊಲದಲ್ಲಿ ಡೇರೆ ಹಾಕಿ, ತಾವು ಬೆಳೆದ ಬೀನ್ಸು, ಈರುಳ್ಳಿ, ಹೂವು, ತಾವು ಮಾಡಿದ ಜಾಮು, ಕೇಕು ಎಲ್ಲ ಮೇಜಿನ ಮೇಲೆ ಇಟ್ಟು ಸ್ಪರ್ಧೆ ನಡೆಸುತ್ತಾರೆ. ಸ್ಪಂಜ್ ಕೇಕಿನ ಬಹುಮಾನ ವರ್ಷವೂ ಬೆರಿಲ್‌ಳ ಅಕ್ಕ ಮ್ಯೂರಿಯಲ್‌ಗೆ. ಹೋದ ವರ್ಷ ಅಕ್ಕ ಫೋನು ಮಾಡಿ, "ನಿನ್ನ ಕೇಕು ನೋಡೋ ಭಾಗ್ಯ ಈ ಊರಿಗಿಲ್ಲ ಬಿಡು. ಕಾರಲ್ಲಾದ್ರೂ ಚೆನ್ನಾಗಿ ಸುತ್ತಾಡಿದ್ರಲ್ಲ, ಅಷ್ಟೇ ಸಾಕು" ಅಂದಿದ್ದಳು. ಆ ಮಾತು ಬೆರಿಲ್‌ಗೆ ಇನ್ನೂ ಚುಚ್ಚುತ್ತಿತ್ತು. ಗೆಲ್ಲುವುದು ಆಮೇಲಿನ ಮಾತು. ತನ್ನ ಕೇಕು ಒಮ್ಮೆ ಆ ಮೇಜಿನ ಮೇಲೆ ಕೂರಬೇಕು, ಅಷ್ಟೇ.

ತಡವಾಗುವುದಕ್ಕೆ ಕಾರಣ ಒಂದೇ. ಅವಳ ಗಂಡ ಡೆಸ್ಮಂಡ್.

ಡೆಸ್ಮಂಡ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈಯುವುದಾದರೂ ಸುಲಭವಿತ್ತು. ಈಗ ಅವರ ಮನೆಯಿರುವ ಪಕ್ಕದ ಸಾಮರ್ಸೆಟ್ ಸೀಮೆಯ ಹಳ್ಳಿಗಳಲ್ಲಿ ಹಾಲಿನ ಲಾರಿ ಓಡಿಸಿಕೊಂಡೇ ಮುದುಕನಾದವನು. ಅಲ್ಲಿನ ಓಣಿಗಳು ಒಂದು ಗಾಡಿಗೆ ಸಾಲುವಷ್ಟೇ ಅಗಲ. ಎರಡೂ ಕಡೆ ಆಳೆತ್ತರದ ಬೇಲಿ. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲೊಬ್ಬರು ಅಗಲವಾದ ಜಾಗದವರೆಗೆ ಹಿಂದಕ್ಕೆ ಹೋಗಬೇಕು. ಯಾರಿಗೆ ಆ ಜಾಗ ಹತ್ತಿರವೋ ಅವರು ಹೋಗುವುದು ರೂಢಿ. ಡೆಸ್ಮಂಡ್‌ನ ರೂಢಿ ಬೇರೆ. ಯಾರೇ ಬರಲಿ, ಹಿಂದೆ ಹೋಗುವವನು ಅವನು. ಬೆರಿಲ್ ಅವನನ್ನು ಮೊದಲು ನೋಡಿದ್ದೂ ಹಾಗೆಯೇ. ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗಿಗೋಸ್ಕರ ಅಷ್ಟು ದೊಡ್ಡ ಲಾರಿಯನ್ನು ಓಣಿಯ ಆ ತುದಿಯವರೆಗೂ ಹಿಂದಕ್ಕೆ ಓಡಿಸಿಕೊಂಡು ಹೋಗಿದ್ದ. ಎಂಥಾ ಮನುಷ್ಯ ಅಂತ ಅವಳು ಕರಗಿಹೋಗಿದ್ದಳು. ಈಗಲೂ ಎಂಥಾ ಮನುಷ್ಯ ಅನ್ನುತ್ತಾಳೆ. ಆದರೆ ಹಲ್ಲು ಕಚ್ಚಿಕೊಂಡು.

ಈ ಸಲ ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಮುಂಚೆ ಅವನನ್ನು ಹೊರಡಿಸಿದಳು. ಕೇಕಿನ ಡಬ್ಬಿ ತೊಡೆಯ ಮೇಲಿತ್ತು.

"ದೊಡ್ಡ ರಸ್ತೇಲೇ ಹೋಗು, ಡೆಸ್."

"ಅಲ್ಲಿ ಬರೀ ಲಾರಿಗಳು ಕಣೇ. ಒಳದಾರಿ ನೆಮ್ಮದಿ."

ನೆಮ್ಮದಿ ಅವನಿಗೆ. ಸಾಮರ್ಸೆಟ್ ದಾಟುವುದರೊಳಗೆ ಅವನು ಒಂದು ಟ್ರ್ಯಾಕ್ಟರಿಗೆ, ಕುದುರೆ ಮೇಲೆ ಬಂದ ಇಬ್ಬರು ಹೆಂಗಸರಿಗೆ, ಅಂಚೆಯ ವ್ಯಾನಿಗೆ ದಾರಿ ಬಿಟ್ಟಿದ್ದ. ಅಂಚೆಯವನು ಕೈ ಎತ್ತಿದ. ಡೆಸ್ಮಂಡ್ ಕೈ ಎತ್ತಿದ. ಅವನು ಮತ್ತೆ ಎತ್ತಿದ. ಡೆಸ್ಮಂಡ್ ಮತ್ತೆ ಎತ್ತಿದ.

"ಸಾಕು ಬಿಡೋ, ಅವನು ಹೋಗಿ ಆಯ್ತು!"

ಡೆವನ್ನಿನ ಓಣಿಗಳಿಗೆ ಇಳಿದ ಮೇಲೆ ಮತ್ತೊಂದು ಕಾರು. ಡೆಸ್ಮಂಡ್ ರಿವರ್ಸ್ ಗೇರ್ ಹಾಕಿದ.

"ಅವನ ಬೆನ್ನಿಗೇ ಜಾಗ ಇದೆಯಲ್ಲೋ! ನನ್ನ ಕಣ್ಣಿಗೇ ಕಾಣ್ತಿದೆ!"

"ಪಾಪ, ಹುಡುಗ. ಹೊಸದಾಗಿ ಕಲ್ತಿರಬೇಕು."

ಕಾರು ಪಕ್ಕದಲ್ಲಿ ಹಾದುಹೋಯಿತು.

"ಹುಡುಗನಾ? ತಲೇಲಿ ಒಂದು ಕೂದಲಿಲ್ಲ!"

ಡೆಸ್ಮಂಡ್ ಆ ಕಾರಿಗೂ ಕೈ ಎತ್ತಿದ. ಅವನು ಜಾಸ್ತಿ ಮಾತಾಡುವವನಲ್ಲ. ಅದು ಇನ್ನೂ ಸಿಟ್ಟು ಬರಿಸುತ್ತಿತ್ತು.

ವಿದರ್‌ಕಂಬ್‌ನ ಚರ್ಚಿನ ಗೋಪುರ ಬೇಲಿಯ ಮೇಲಿಂದ ಕಂಡಾಗ ಒಂಬತ್ತೂವರೆ ಆಗಿತ್ತು. ಬೆರಿಲ್ ಉಸಿರು ಬಿಟ್ಟಳು. ಆಗಲೇ ತಿರುವಿನಿಂದ ಒಂದು ಹಳೇ ಹಸಿರು ಕಾರು ಬಂತು. ಡೆಸ್ಮಂಡ್ ಹಿಂದೆ ಹೋಗಿ, ಅಗಲದ ಜಾಗದಲ್ಲಿ ನಿಲ್ಲಿಸಿ, 'ಬನ್ನಿ' ಅಂತ ದೀಪ ಮಿಟುಕಿಸಿದ.

ಯಾರೂ ಬರಲಿಲ್ಲ. ಅತ್ತ ಹಸಿರು ಕಾರಿನವನೂ ಹಿಂದೆ ಹೋಗಿ ಬೇಲಿಗೆ ಒರಗಿಸಿ ನಿಲ್ಲಿಸಿದ್ದ. ಅವನೂ ದೀಪ ಮಿಟುಕಿಸಿದ.

ಇವನು ಕಾದ. ಅವನು ಕಾದ. ಇನ್ನು ತಾನೇ ಹೋಗಬೇಕೇನೋ ಅಂತ ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಇಬ್ಬರೂ ಹೊರಟರು, ನಡುದಾರಿಯಲ್ಲಿ ಎದುರಾದರು, ಕೈ ಎತ್ತಿ ಕ್ಷಮೆ ಕೇಳಿಕೊಂಡರು, ಮತ್ತೆ ಹಿಂದೆ ಹೋದರು.

ಬೆರಿಲ್ ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದಳು. ದಡದಡ ನಡೆದು ಹಸಿರು ಕಾರಿನ ಹತ್ತಿರ ಹೋದಳು. ಒಳಗೆ ಟೈ ಕಟ್ಟಿಕೊಂಡ ತೆಳ್ಳನೆಯ ಮುದುಕ, ಹೆಸರು ಲಸ್ಕಂಬ್ ಅಂತ ಹೇಳಿಕೊಂಡ.

"ನೀವು ಬನ್ನಿ ಸರ್. ನಾವು ಜಾಗ ಬಿಟ್ಟಿದ್ದೀವಿ."

"ಛೆ ಛೆ, ನೀವು ಮೊದಲು ಮೇಡಂ. ನನಗೇನೂ ಅವಸರ ಇಲ್ಲ."

"ನಿಜವಾಗ್ಲೂ?"

"ಏನೇನೂ ಇಲ್ಲ. ಹೀಗೇ ಒಂದು ಸುತ್ತು ಹೊರಟಿದ್ದೆ." ಅಂದವನು ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡ.

ಬೆರಿಲ್ ವಾಪಸ್ ಬಂದಳು. "ಅವರಿಗೆ ಅವಸರ ಇಲ್ವಂತೆ. ನಡಿ."

"ಅವರು ನಮಗಿಂತ ಮೊದಲೇ ನಿಂತಿದ್ರು ಕಣೇ. ಹೇಗೆ ನುಗ್ಗೋದು?"

"ಇಳಿ."

"ಏನು?"

"ಕೆಳಗಿಳಿ, ಡೆಸ್ಮಂಡ್."

ಪೂರ್ತಿ ಹೆಸರು ಕೇಳಿ ಅವನು ಇಳಿದ. ಡಬ್ಬಿ ಎತ್ತಿಕೊಂಡು ಈ ಕಡೆ ಬಂದು ಕೂತ. ಬೆರಿಲ್ ಸ್ಟೀರಿಂಗ್ ಹಿಡಿದಳು.

"ನಿನಗೆ ರಿವರ್ಸ್ ಬರಲ್ವಲ್ಲ, ಬೆರಿಲ್."

"ಬರದೇ ಇರೋದೇ ಒಳ್ಳೇದಾಯ್ತು."

ಅಷ್ಟರಲ್ಲಿ, ಇವರು ಇಳಿದು ಹತ್ತುವುದನ್ನು ಕಂಡ ಲಸ್ಕಂಬ್, ತನಗೇ ದಾರಿ ಬಿಟ್ಟರು ಅಂದುಕೊಂಡು ಹೊರಟಿದ್ದ. ನಡುದಾರಿಯಲ್ಲಿ ಎರಡೂ ಕಾರು ಮೂಗಿಗೆ ಮೂಗು ತಾಗಿಸಿ ನಿಂತವು. ಬೆರಿಲ್ ಹಾರ್ನ್ ಒತ್ತಿದಳು. ಆ ಓಣಿಯಲ್ಲಿ ಯಾರೂ ಹಾರ್ನ್ ಒತ್ತುವುದಿಲ್ಲ. ಬೇಲಿಯಿಂದ ಹಕ್ಕಿಗಳು ಎದ್ದವು. ಲಸ್ಕಂಬ್ ಗಾಬರಿಯಲ್ಲಿ ಹಿಂದೆ ಹೋದ. ತನ್ನ ಅಗಲದ ಜಾಗವನ್ನೂ ದಾಟಿ, ತಿರುವನ್ನೂ ದಾಟಿ, ಊರಿನ ಮೊದಲ ಮನೆಯವರೆಗೂ ಹೋದ. ಅಲ್ಲಿ ಹಿಂದಿನ ಚಕ್ರ ಚರಂಡಿಗೆ ಇಳಿಯಿತು.

"ನಿಲ್ಸು, ನಿಲ್ಸು! ಪಾಪ, ಎತ್ತಿಕೊಡಬೇಕು," ಅಂದ ಡೆಸ್ಮಂಡ್.

"ನೀನು ಎತ್ತು. ಡಬ್ಬಿ ಇಲ್ಲಿಟ್ಟು ಇಳಿ."

ಅವನನ್ನು ಇಳಿಸಿ ಅವಳು ಹೋದಳು.

ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಬೆರಿಲ್‌ಳ ಕೇಕು ಮೇಜಿನ ಮೇಲೆ ಕೂತಿತು. ಪಕ್ಕದಲ್ಲಿ ಹೆಸರಿಲ್ಲ, ಬರೀ ನಂಬರಿನ ಚೀಟಿ. ಮ್ಯೂರಿಯಲ್ ಬಾಗಿಲಲ್ಲೇ ಸಿಕ್ಕಿದಳು.

"ಬಂದ್ಯಾ! ಡೆಸ್ಮಂಡ್ ಎಲ್ಲಿ? ದಾರೀಲೇ ಬಿಟ್ಟುಬಂದ್ಯಾ?"

"ಹೂಂ," ಅಂದಳು ಬೆರಿಲ್.

ಚರ್ಚಿನ ಗಂಟೆ ಹತ್ತು ಹೊಡೆಯಿತು. ಬೆರಿಲ್ ಹೊರಗೆ ಬಂದು, ಟೀ ಲೋಟ ಹಿಡಿದು, ಬಾಗಿಲು ಹಾಕುವುದನ್ನು ಕಣ್ತುಂಬ ನೋಡಬೇಕೆಂದು ಕುರ್ಚಿ ತಿರುಗಿಸಿ ಕೂತಳು. ಬಾಗಿಲು ಹಾಕಲಿಲ್ಲ. ಡೇರೆಯ ಉಸ್ತುವಾರಿಯ ಗ್ವೆಂಡಾ ರಸ್ತೆ ಕಡೆ ಇಣುಕಿ ಇಣುಕಿ ನೋಡುತ್ತಿದ್ದಳು.

"ಯಾಕ್ರೀ ಹಾಕಲಿಲ್ಲ?"

"ಹಾಕಿ ಏನು ಮಾಡ್ಲಿ? ಜಡ್ಜೇ ಬಂದಿಲ್ಲ. ರೈಲಲ್ಲಿ ಬರ್ತಾರೆ. ಕರ್ಕೊಂಡು ಬರೋಕೆ ಅಂತ ನಮ್ಮ ಲಸ್ಕಂಬ್ ಅವರು ಸ್ಟೇಷನ್ನಿಗೆ ಹೋಗಿ ಎಷ್ಟೊತ್ತಾಯ್ತು."

ಬೆರಿಲ್‌ಳ ಕುರ್ಚಿ ಮೆಲ್ಲಗೆ ರಸ್ತೆ ಕಡೆ ತಿರುಗಿತು.

ಸ್ವಲ್ಪ ಹೊತ್ತಿಗೆ ಲಸ್ಕಂಬ್, ಡೆಸ್ಮಂಡ್ ಇಬ್ಬರೂ ನಡೆದುಕೊಂಡು ಬಂದರು. ಮೊಣಕಾಲವರೆಗೆ ಕೆಸರು. ಕಾರು ಮೇಲೆ ಬಂದಿರಲಿಲ್ಲ.

"ತಪ್ಪು ನಂದೇ," ಅಂದ ಲಸ್ಕಂಬ್ ಎಲ್ಲರಿಗೂ. "ನಾನೇ ಅಡ್ಡ ಬಂದೆ."

"ಅವಸರ ಇಲ್ಲ ಅಂದ್ರಲ್ಲ ನೀವು!" ಬೆರಿಲ್ ಕೂಗಿದಳು.

"ಇತ್ತು ಮೇಡಂ. ಹೇಳಿದ್ರೆ ನಿಮಗೆ ಮುಜುಗರ ಆಗುತ್ತಲ್ಲ ಅಂತ…"

ಗ್ವೆಂಡಾ ಒಂದು ತೀರ್ಮಾನಕ್ಕೆ ಬಂದಳು. ಜಡ್ಜ್ ಬರುವವರೆಗೂ ಬಾಗಿಲು ತೆಗೆದೇ ಇರಲಿ, ತಡವಾಗಿ ಬಂದವರೂ ಇಡಲಿ, ಪಾಪ.

"ಪಾಪಾನಾ? ಹೋದ ವರ್ಷ ನಾನು ಹೊರಗೆ ನಿಂತಿದ್ದಾಗ ಎಲ್ಲಿ ಹೋಗಿತ್ತು ಆ ಪಾಪ?"

"ಹೋದ ವರ್ಷ ಜಡ್ಜ್ ಬಂದಿದ್ರಲ್ಲ, ಬೆರಿಲ್."

"ಬಿಡಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಅದು ಆಗದು. ಸ್ಪರ್ಧೆಗೆ ಇಟ್ಟವರು ಜಡ್ಜ್ ಜೊತೆ ಒಂದೇ ಕಾರಿನಲ್ಲಿ ಕೂರುವ ಹಾಗಿಲ್ಲ. ಪಾದ್ರಿಗಳು ಹೋಗೋಣವೆಂದರೆ ಅವರ ಬೀನ್ಸು ಒಳಗಿತ್ತು. ಅಂಗಡಿಯವನ ಈರುಳ್ಳಿ ಒಳಗಿತ್ತು. ಊರಿನಲ್ಲಿ ಕಾರಿದ್ದವರದೆಲ್ಲ ಏನೋ ಒಂದು ಒಳಗಿತ್ತು. ಬೇರೆಯವರ ಕಾರು ಓಡಿಸುವುದು ಲಸ್ಕಂಬ್‌ಗೆ ಮುಜುಗರ. ಕೊನೆಗೆ ಎಲ್ಲರೂ ಕೆಸರು ಒರೆಸಿಕೊಳ್ಳುತ್ತಿದ್ದ ಡೆಸ್ಮಂಡ್ ಕಡೆ ತಿರುಗಿದರು.

"ಬೇಡ," ಅಂದಳು ಬೆರಿಲ್. "ಬೇಡ. ನಿಮಗೆ ಗೊತ್ತಿಲ್ಲ."

"ಹದಿನೈದು ನಿಮಿಷದ ದಾರಿ ಅಷ್ಟೇ," ಅಂದರು ಪಾದ್ರಿಗಳು.

ಡೆಸ್ಮಂಡ್ ಕೀಲಿ ತೆಗೆದುಕೊಂಡ.

"ನನ್ನ ಕೇಕಿನ ಮಾತು ಎತ್ತೀಯ ಮತ್ತೆ!"

"ನಾನು ಯಾವ ಮಾತು ಎತ್ತಿದ್ದೀನಿ ಇಷ್ಟು ದಿನ?"

ಹೊಲದ ಗೇಟಿನಲ್ಲೇ ಒಂದು ಕೆಂಪು ಕಾರು ಒಳಗೆ ಬರುತ್ತಿತ್ತು. ಡೆಸ್ಮಂಡ್ ಹಿಂದೆ ಬಂದ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಒಂದು ವ್ಯಾನು. ಅವನು ಹಿಂದೆ ಬರುತ್ತಾ ಬರುತ್ತಾ ಟೀ ಮೇಜಿನವರೆಗೂ ಬಂದ. ಊರೆಲ್ಲ ಲೋಟ ಹಿಡಿದು ನೋಡುತ್ತಿತ್ತು.

"ಏನೇ ಮಾಡ್ತಿದ್ದಾನೆ ನಿನ್ನ ಗಂಡ?" ಅಂದಳು ಮ್ಯೂರಿಯಲ್.

"ಕೂತ್ಕೋ ಅಕ್ಕ. ಇನ್ನೊಂದು ಲೋಟ ಹಾಕಿಸ್ಕೋ. ಊಟದ ಹೊತ್ತಿಗೆ ಬಂದ್ರೆ ಪುಣ್ಯ."

ಊಟದ ಹೊತ್ತು ಕಳೆಯಿತು. ಪಾದ್ರಿಗಳು ಮೂರು ಸಲ ಗೇಟಿಗೆ ಹೋಗಿ ಬಂದರು. ಡೇರೆಯ ಸೆಕೆಗೆ ಬೆರಿಲ್‌ಳ ಕೇಕಿನ ನಡುವೆ ಸವರಿದ್ದ ಜಾಮು ಮೆಲ್ಲಗೆ ಅಂಚಿಗೆ ಇಳಿಯಿತು. ಅಂತೂ ಜಡ್ಜ್ ಮಿಸೆಸ್ ಅಪ್‌ಜಾನ್ ಕಾರಿನಿಂದ ಇಳಿದರು. "ಎಷ್ಟು ಸಭ್ಯ ಮನುಷ್ಯ! ಇಂಥ ಡ್ರೈವರನ್ನು ನಾನು ನೋಡೇ ಇಲ್ಲ!" ಅಂದರು. ಕಾದು ಕಾದು ಕೆಂಪಗಾಗಿದ್ದ ಊರು ಅವರನ್ನು ಸೀದಾ ಡೇರೆಗೆ ನಡೆಸಿತು.

ಫಲಿತಾಂಶ ಬಂತು. ಮ್ಯೂರಿಯಲ್ ಮೂರನೆಯವಳು. ಬೆರಿಲ್ ಎರಡನೆಯವಳು. ಅಕ್ಕನನ್ನು ಹಿಂದೆ ಹಾಕಿದ ಖುಷಿಯಲ್ಲಿ ಬೆರಿಲ್ ಅರ್ಧ ನಿಮಿಷ ನಕ್ಕಳು. ಆಮೇಲೆ ಮೊದಲ ಬಹುಮಾನಕ್ಕೆ ಎದ್ದು ಬಂದವಳನ್ನು ನೋಡಿದಳು. ಬೆಳಗ್ಗೆ ಹತ್ತು ದಾಟಿದ ಮೇಲೆ, ಅದೇ ಕೆಂಪು ಕಾರಿನಲ್ಲಿ, ಆಗಷ್ಟೇ ಒಲೆಯಿಂದ ತೆಗೆದ ಕೇಕು ಹಿಡಿದುಕೊಂಡು ಬಂದವಳು.

"ಡೆಸ್," ಅಂದಳು ಬೆರಿಲ್, ಮೆಲ್ಲಗೆ. "ಗೇಟಲ್ಲಿ ಅವಳಿಗೆ ದಾರಿ ಬಿಟ್ಟೆಯಲ್ಲ."

"ಪಾಪ," ಅಂದ ಡೆಸ್ಮಂಡ್. "ತುಂಬಾ ಅವಸರದಲ್ಲಿದ್ಲು."

ಬೆರಿಲ್ ಕಾರಿನ ಕೀಲಿಗೆ ಕೈ ಚಾಚಿದಳು.