ಬೀಗ ಹಾಕಿದ ಸಾರಂಗಿ

ನಂಬಲಾಗದ ಸಂಗತಿಯನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವನು ನಾನು. ದೆವ್ವ, ಭೂತ ಎಂದರೆ ಈಗಲೂ ನಂಬುವುದಿಲ್ಲ. ಆದರೂ ತೊಂಬತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನವನ್ನು ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೇನೆ. ಹೆದರಿಕೆಯಿಂದಲ್ಲ, ನಾಚಿಕೆಯಿಂದ.

ಆಗ ದಾವಣಗೆರೆಯಲ್ಲಿ ಒಂದು ಖಾಸಗಿ ಟ್ರಸ್ಟಿನ ಪುಟ್ಟ ಮ್ಯೂಸಿಯಂ ನನ್ನ ಉಸ್ತುವಾರಿಯಲ್ಲಿತ್ತು. ಹರಿಹರದ ಗೌರಮ್ಮನವರು ತಮ್ಮ ಮಾವನ ಸಾರಂಗಿಯನ್ನು ನಮಗೆ ಕೊಟ್ಟಿದ್ದರು. ನೂರು ವರ್ಷಕ್ಕೂ ಹೆಚ್ಚು ಹಳೆಯ ವಾದ್ಯ. ಮಾವ ಬಟ್ಟೆ ವ್ಯಾಪಾರಿ. ಅಂಗಡಿಯ ಅಟ್ಟದ ಮೇಲೆ ಕೂತು ದಿನವೂ ನುಡಿಸುತ್ತಿದ್ದರಂತೆ. ಕೊಡುವಾಗ ಆಕೆ ಕೇಳಿಕೊಂಡದ್ದು ಒಂದೇ: "ಸುಮ್ನೆ ಗಾಜಿನಾಗ ಇಡಬ್ಯಾಡ್ರಿ. ನುಡಿಸೋರು ಬಂದ್ರೆ ಅವ್ರ ಕೈಗೆ ಕೊಡ್ರಿ."

"ಆತು ಅಮ್ಮಾ" ಎಂದು ಮಾತು ಕೊಟ್ಟೆ. ಮರುದಿನವೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ತಂತಿ ಬಿಗಿದರೆ ಹಳೆಯ ಮರ ಸೀಳಬಹುದು, ಒಣಗಿದ ಚರ್ಮ ಹರಿಯಬಹುದು ಎಂದು ತಂತಿಗಳನ್ನೆಲ್ಲ ಸಡಿಲಿಸಿಯೂ ಇಟ್ಟಿದ್ದೆ. ಕಾರಣ ಸುಳ್ಳಲ್ಲ. ಅದನ್ನು ಆಕೆಯ ಎದುರು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆ ಬೇಸಿಗೆಯ ಮಧ್ಯಾಹ್ನ ಮಲೆಬೆನ್ನೂರಿನಿಂದ ಇಮಾಮ್ ಸಾಬ್ ಎಂಬ ಮುದುಕರು ಬಂದರು. ಹಿಂದೆ ಗೌರಮ್ಮನವರ ಮಾವನ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಿಷನ್ ಹಾಕಿಕೊಂಡಿದ್ದ ಟೇಲರ್. ಆ ಸಾಹುಕಾರರಿಂದಲೇ ಸಾರಂಗಿ ಕಲಿತವರು.

"ಒಂದ್ಸಲ ಕೊಡ್ರಿ ಸಾರ್. ಐದ್ ನಿಮಿಷ ಸಾಕು."

"ಕಂಡಕಂಡವರ ಕೈಗೆಲ್ಲ ಕೊಡೋಕಾಗಲ್ಲ" ಎಂದೆ. ಹೌದು, ಇದೇ ಮಾತನ್ನು ಆಡಿದೆ.

ಅವರು ವಾದಿಸಲಿಲ್ಲ. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ಬಲಗೈ ಕಮಾನು ಹಿಡಿದಂತೆ ಗಾಳಿಯಲ್ಲಿ ಅತ್ತಿತ್ತ ಆಡತೊಡಗಿತು; ಎಡಗೈ ಬೆರಳುಗಳು ಎದೆಯ ಬಳಿ ಏರಿಳಿದವು. ನೋಡಲಾರದೆ ನನ್ನ ಮೇಜಿಗೆ ಹೋಗಿ ಕೂತೆ. ಕರೆಂಟ್ ಹೋಗಿತ್ತು. ಫ್ಯಾನಿನ ಸದ್ದೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಹೊರಗೆ ಬಂದರೆ ಜಗಲಿಯ ಬೆಂಚಿನ ಮೇಲೆ ಗೌರಮ್ಮ! ಪೇಟೆಗೆ ಬಂದವರು ಹಾಗೇ ಇತ್ತ ಬಂದಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಕಣ್ಣುಗಳು ಒದ್ದೆಯಾಗಿದ್ದವು.

"ಯಾರ್ರೀ ಅದು ನುಡಿಸ್ತಿರೋದು? ಥೇಟ್ ನಮ್ಮ ಮಾವಾರ ಕೈ ಇದ್ದಂಗೆ ಐತಿ."

ನಾನು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ದೂರದಲ್ಲೊಂದು ಲಾರಿಯ ಹಾರ್ನ್, ಅಷ್ಟೆ. ಹಾಗೆಂದು ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಯಾರೋ ಬಂದಾರಮ್ಮ. ಬೀಗ ತೆಗೆದು ಕೊಟ್ಟೀನಿ."

"ಮಾತು ಉಳಿಸ್ಕೊಂಡ್ರಿ" ಎಂದು ಆ ಹಿರಿಯ ಹೆಂಗಸು ನನಗೆ ಕೈಮುಗಿದರು. ನುಡಿಸುವವರಿಗೆ ಅಡ್ಡಿಯಾದೀತೆಂದು ಒಳಗೆ ಬರಲೇ ಇಲ್ಲ. ಇನ್ನೂ ಹತ್ತು ನಿಮಿಷ ತಲೆದೂಗುತ್ತ ಕೂತಿದ್ದು, ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಒಳಗೆ ಬಂದು ನೋಡಿದೆ. ಬೀಗ ಹಾಕಿದಂತೆಯೇ ಇತ್ತು, ಕೀಲಿ ನನ್ನ ಜೇಬಿನಲ್ಲಿತ್ತು, ತಂತಿಗಳು ಜೋತುಬಿದ್ದಿದ್ದವು. ಇಮಾಮ್ ಸಾಬ್ ಹಣೆಯ ಬೆವರು ಒರೆಸಿಕೊಂಡು ಎದ್ದು, ಸಲಾಂ ಹೇಳಿ ಹೊರಟರು.

ಎರಡು ವಾರ ನನಗೆ ಸಮಾಧಾನವಿರಲಿಲ್ಲ. ಕೊನೆಗೆ ಮಲೆಬೆನ್ನೂರಿಗೆ ಹೋಗಿ ಅವರ ಮನೆ ಹುಡುಕಿ, "ತಪ್ಪಾಯ್ತು. ಬನ್ನಿ, ತಂತಿ ಬಿಗಿಸಿ ಕೊಡ್ತೀನಿ, ನುಡಿಸಿ" ಎಂದೆ.

ಅವರು ಚಹಾ ತರಿಸಿದರು. "ಬ್ಯಾಡ್ರಿ ಸಾರ್. ಅವತ್ತೇ ನುಡಿಸಿದ್ನಲ್ಲ, ನೀವೂ ಅಲ್ಲೇ ಇದ್ರಿ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಗೌರಮ್ಮ ಸಾಯುವವರೆಗೂ, ನಾನು ಮಾತಿಗೆ ತಪ್ಪದ ಮನುಷ್ಯನೆಂದು ಹರಿಹರದಲ್ಲೆಲ್ಲ ಹೇಳುತ್ತಿದ್ದರಂತೆ. ನಾನು ಅದನ್ನು ಒಮ್ಮೆಯೂ ತಿದ್ದಲಿಲ್ಲ. ತಿದ್ದಲು ಹೋಗಿದ್ದರೂ ಏನೆಂದು ಹೇಳುತ್ತಿದ್ದೆ? ಯಾರೂ ನುಡಿಸಲಿಲ್ಲ ಎಂದೇ? ನುಡಿಸಿದೆ ಎಂದವರು ಒಬ್ಬರು, ಕೇಳಿದೆ ಎಂದವರು ಇನ್ನೊಬ್ಬರು. ಅಲ್ಲೇ ಇದ್ದೂ ಕೇಳದೆ ಹೋದವನು ನಾನೊಬ್ಬನೇ.