ಅಕ್ಕನ ಕಾಲಿಗೆ ಬಂದ ನೆರವು

ಅಕ್ಕ, ನಿನ್ನ ಕಾಲು ಉಳಿಸಲು ದುಡ್ಡು ಸಿಕ್ಕಿತ್ತು. ಸಿಗಲಿಲ್ಲ ಎಂದು ನಾನೇ ನಿನಗೆ ಸುಳ್ಳು ಹೇಳಿದೆ.

ಬಾಯಿಬಿಟ್ಟು ಹೇಳುವ ಧೈರ್ಯ ಇಷ್ಟು ವರ್ಷವಾದರೂ ಬರಲಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರದ ಆಸ್ಪತ್ರೆಯಲ್ಲಿ ಅಂದು ನಿನಗೆ ಜ್ವರ ಬಿಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯ ಗಾಯ. ಹೆಬ್ಬೆರಳಿನಿಂದ ಪಾದಕ್ಕೆ ಕಪ್ಪು ಏರುತ್ತಿತ್ತು. ಬೆಂಗಳೂರಿಗೆ ಹೋಗಿ ಕಟ್ಟಿಕೊಂಡ ರಕ್ತನಾಳ ಬಿಡಿಸಿದರೆ ಪಾದ ಉಳಿಯಬಹುದು, ಉಳಿಯದೆಯೂ ಇರಬಹುದು. ಇಲ್ಲವಾದರೆ ಇಲ್ಲೇ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದಿದ್ದರು ಡಾಕ್ಟರು. "ಕಾಲಿಲ್ದೆ ರೇಷ್ಮೆಹುಳ ಹೆಂಗೆ ಸಾಕ್ಲೋ ಸೀನ? ದುಡ್ಡು ಬರ್ತದೆ, ಬೆಂಗಳೂರಿಗೇ ಹೋಗಾಣ" ಎಂದು ನೀನು ಹಟ ಹಿಡಿದೆ. ಇಂಥ ರೋಗಿಗಳಿಗೆ ನೆರವು ಕೊಡುವ ಟ್ರಸ್ಟಿಗೆ ಅರ್ಜಿ ಹಾಕಿ ಬಂದವನೂ ನಾನೇ.

ಮಧ್ಯಾಹ್ನ ಅವರ ಫೋನ್ ಬಂತು. ಪೂರ್ತಿ ಖರ್ಚು ಕೊಡುತ್ತೇವೆ, ಇವತ್ತೇ ಹೊರಡಿ ಎಂದರು. ಖುಷಿಯಾಗಬೇಕಿತ್ತು. ನನಗೆ ನೆನಪಾದದ್ದು ಅಮ್ಮ. ಅಮ್ಮನಿಗೂ ಕಾಲಿನಿಂದಲೇ ನಂಜು ಏರಿತ್ತಲ್ಲ. ನೀನಾಗ ಗಂಡನ ಮನೆಯಲ್ಲಿದ್ದೆ; ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂತಿದ್ದವನು ನಾನು. ಬೆಂಗಳೂರು ಮುಟ್ಟುವ ಮೊದಲೇ ಅವಳ ಕೈ ತಣ್ಣಗಾಯಿತು. ಅದೇ ದಾರಿಯಲ್ಲಿ ಇನ್ನೊಮ್ಮೆ, ನಿನ್ನ ಕೈ ಹಿಡಿದುಕೊಂಡು — ಆಗಲಿಲ್ಲ ಅಕ್ಕ. "ಬೇಡ ಸಾರ್, ನಾವೇ ಹೊಂದಿಸ್ಕೊಂಡ್ವಿ" ಎಂದು ಫೋನಿಟ್ಟೆ. ಒಳಗೆ ಬಂದು ನಿನಗೆ ಹೇಳಿದೆ: "ಅವ್ರು ಕೊಡಲ್ವಂತೆ ಅಕ್ಕ."

ನೀನು ಸ್ವಲ್ಪ ಹೊತ್ತು ಪಾದವನ್ನೇ ನೋಡಿಕೊಂಡೆ. ಆಮೇಲೆ ಆಪರೇಷನ್ನಿಗೆ ಸಹಿ ಹಾಕಿದೆ.

ನೀನು ಬದುಕಿಕೊಂಡೆ. ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದೆ. ಆದರೆ ಆ ಪಾದ ಉಳಿಯುತ್ತಿತ್ತೋ ಏನೋ — ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದರೆ ನೀನು ಬಾಗಿಲಲ್ಲಿ ಕೂತು ಮರಿಹುಳುಗಳಿಗೆ ಸೊಪ್ಪು ಹೆಚ್ಚುತ್ತಿರುತ್ತೀಯ. "ನನಗೋಸ್ಕರ ಎಷ್ಟು ಅಲೆದ್ಯೋ ಪಾಪ" ಎನ್ನುತ್ತೀಯ. ನಾನು ಬಟ್ಟೆ ಬದಲಿಸುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ.

ನಿನ್ನೆ ಪಕ್ಕದ ಮನೆಯ ಮುನಿರಾಜು ಬಂದ, ಹಿಮ್ಮಡಿಯ ಗಾಯಕ್ಕೆ ಬಟ್ಟೆ ಸುತ್ತಿಕೊಂಡು. ಆ ಟ್ರಸ್ಟಿಗೆ ಅರ್ಜಿ ಹಾಕಲೇ ಎಂದು ಕೇಳಿದ. "ಅವ್ರ ಹತ್ರ ಹೋಗ್ಬೇಡಪ್ಪ. ಕಾಯಿಸಿ ಕಾಯಿಸಿ ಕೈಯೆತ್ತಿಬಿಡ್ತಾರೆ. ನನ್ನೇ ನೋಡು" ಎಂದು ನೀನು ಸೀರೆ ಸರಿಸಿ ತೋರಿಸಿದೆ. ಅವನು ತಲೆಯಾಡಿಸಿ, ಕುಂಟುತ್ತಾ ಹೋದ. ನಾನು ಅಲ್ಲೇ ನಿಂತಿದ್ದೆ.

ಅಂದಿಗಿಂತ ಈಗ ಹೆಚ್ಚು ಹೆದರಿದ್ದೇನೆ. ನನ್ನ ಸುಳ್ಳನ್ನು ನೀನು ನಿಜವೆಂದು ನಂಬಿ ಊರಿಗೆಲ್ಲ ಹೇಳುತ್ತಿದ್ದೀಯ, ಅದು ಅವನ ಕಾಲನ್ನೂ —

ಇವತ್ತು ಮುನಿರಾಜುವನ್ನು ನಾನೇ ಟ್ರಸ್ಟಿನವರ ಹತ್ತಿರ ಕರೆದೊಯ್ಯುತ್ತೇನೆ. ನಿಮ್ಮಕ್ಕನಿಗೆ ಕೊಡಲಿಲ್ಲವಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ. ಅವನಿಗೆ ಹೇಳುವ ಮುಂಚೆ ನಿನಗೆ ತಿಳಿಯಬೇಕು. ಈ ಕಾಗದ ನಿನ್ನ ಕೈಗೆ ಕೊಟ್ಟು ಎದುರಿಗೇ ಕೂರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದ್ದು ಹೋಗುವುದಿಲ್ಲ.