ಹೆಬ್ಬೆಟ್ಟಿಗೊಬ್ಬ ಸಾಕ್ಷಿ

ಅವಳ ಗರ್ಭಕೋಶ ಹೋದದ್ದು ಅವಳು ಸಹಿ ಹಾಕುವುದನ್ನು ಕಲಿತದ್ದರಿಂದ. ಗ್ರಹಚಾರ ಎಂದರು ಕೆಲವರು. ವಿಜಯವಾಡದ ನೀರು ಒಗ್ಗಲಿಲ್ಲ ಎಂದರು ಇನ್ನು ಕೆಲವರು. ನನ್ನ ಸೊಸೆ ಈಗಲೂ ಆ ಮಾತು ಬಂದರೆ ದುರದೃಷ್ಟ ಎನ್ನುತ್ತಾಳೆ. ಅದೃಷ್ಟದ ಮಾತು ಅಲ್ಲಿ ಏನೂ ಇರಲಿಲ್ಲ. ಮೊದಲಿನ ಹಾಗೆ ಹೆಬ್ಬೆಟ್ಟು ಒತ್ತುವವಳಾಗಿಯೇ ಉಳಿದಿದ್ದರೆ ಅದು ಅವಳ ಹೊಟ್ಟೆಯಲ್ಲೇ ಇರುತ್ತಿತ್ತು.

ಅವಳು ವಿಶಾಖಪಟ್ಟಣದಲ್ಲಿ ನನ್ನ ಮಗನ ಮನೆಯ ಪಾತ್ರೆ ತೊಳೆಯುತ್ತಿದ್ದವಳು. ಮಗ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಟೌನ್‌ಶಿಪ್ಪಿನಲ್ಲಿ ಮನೆ. ಮಗಳು ವಿಜಯವಾಡದಲ್ಲಿ, ಅಳಿಯ ಬ್ಯಾಂಕಿನವನು, ವರ್ಗವಾಗಿ ಅಲ್ಲಿಗೆ ಬಂದಿದ್ದ. ಗಂಡ ತೀರಿಕೊಂಡ ಮೇಲೆ ನಾನು ಅರಸೀಕೆರೆ ಕಡೆಯ ನಮ್ಮೂರು ಬಿಟ್ಟು, ಕೆಲವು ತಿಂಗಳು ಮಗನಲ್ಲಿ, ಕೆಲವು ತಿಂಗಳು ಮಗಳಲ್ಲಿ ಎಂದು ರೈಲಿನಲ್ಲಿ ಓಡಾಡಿಕೊಂಡಿದ್ದೆ. ಮೊಮ್ಮಕ್ಕಳು ಜಗಳವಾಡುವುದೂ ತೆಲುಗಿನಲ್ಲೇ. ಹಾಗಾಗಿ ನನಗೂ ಮುರುಕು ತೆಲುಗು ಬಂದಿತ್ತು.

ಅವಳಿಗೆ ಮದುವೆಯಾಗಿ ಏಳೆಂಟು ವರ್ಷ ಕಳೆದಿತ್ತು. ಎರಡು ಸಲ ಬಸುರಾಗಿ ಎರಡು ಸಲವೂ ಇಳಿದುಹೋಗಿತ್ತು. ಗಂಡ ವಿಜಯವಾಡದ ಗವರ್ನರ್‌ಪೇಟೆಯ ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದ, ಯಾವಾಗಲೋ ಒಮ್ಮೆ ಊರಿಗೆ ಬರುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಒಂದು ಮಗು, ಬೇರೇನೂ ಅಲ್ಲ. ಹಬ್ಬಕ್ಕೆ ಸೀರೆ ಕೊಡಲು ಹೋದರೆ, "ಸೀರೆ ಇರಲಿ ಮಾಮ್ಮಗಾರು, ಸಿಂಹಾಚಲಕ್ಕೆ ಹೋದಾಗ ನನ್ನ ಹೆಸರಲ್ಲಿ ಒಂದು ಕಾಯಿ ಒಡೆಸಿ" ಎನ್ನುವಳು. ಮಾಮ್ಮ ಎಂದರೆ ಅವರಲ್ಲಿ ಅಜ್ಜಿ.

ಹೊಟ್ಟೆನೋವು, ಹೆಚ್ಚಿನ ರಕ್ತಸ್ರಾವ ಎಂದು ಅವಳು ಸರ್ಕಾರಿ ಆಸ್ಪತ್ರೆಗೆ ಅಲೆಯುತ್ತಿದ್ದಳು. ಜೊತೆಗೆ ಅವಳ ಅತ್ತೆ ಇರಲೇಬೇಕಾಗಿತ್ತು. ಅಕ್ಷರ ಬಾರದವರು ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅವರ ಕಡೆಯವರೊಬ್ಬರು ಸಾಕ್ಷಿಗೆ ಪಕ್ಕದಲ್ಲಿ ನಿಂತಿರಬೇಕು. ಅದು ಅಲ್ಲಿಯ ರೂಢಿ. ಈ ಅತ್ತೆ ಟೌನ್‌ಶಿಪ್ಪಿನ ಗೇಟಿನ ಬಳಿ ಅನಕಾಪಲ್ಲಿ ಬೆಲ್ಲದ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸು. ಅವಳ ಗಂಟಲು ಗೇಟಿನಿಂದ ನಮ್ಮ ಮನೆವರೆಗೂ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸು ಕಾಗದ ಓದಿದರೆ, "ಇನ್ನೊಂದು ಸಲ ಓದು ತಾಯಿ, ನನಗೆ ಕಿವಿ ಮಂದ" ಎನ್ನುವಳಂತೆ. ಕಿವಿ ಮಂದ ಏನೂ ಇರಲಿಲ್ಲ. ಅರ್ಥವಾಗುವ ತನಕ ಹಾಗೆಯೇ ಓದಿಸುವಳು. ಅಷ್ಟರಲ್ಲಿ ಸೊಸೆಯ ಮುಟ್ಟಿನ ವಿಚಾರ ಇಡೀ ವರಾಂಡಕ್ಕೆ ಗೊತ್ತಾಗುತ್ತಿತ್ತು. ಸಾಯಂಕಾಲದೊಳಗೆ ಬೆಲ್ಲ ಕೊಳ್ಳಲು ಬಂದವರಿಗೂ ಗೊತ್ತಾಗುತ್ತಿತ್ತು.

"ಆ ಮುದುಕಿ ಇಲ್ಲದೆ ಒಂದೇ ಒಂದು ಸಲ ಡಾಕ್ಟರಮ್ಮನ ಹತ್ತಿರ ಹೋಗಬೇಕು" ಎಂದು ಅವಳು ನನ್ನ ಬಳಿ ಹೇಳಿದ್ದಳು. ಓದಿನ ಕ್ಲಾಸಿಗೆ ಅವಳು ಸೇರಿದ್ದು ಅದೊಂದಕ್ಕೆ.

ಕ್ಲಾಸು ನಡೆಸುತ್ತಿದ್ದವರು ಟೌನ್‌ಶಿಪ್ಪಿನ ಹೆಂಗಸರು. ಮನೆಗೆಲಸದವರಿಗೆ, ಕಂಟ್ರಾಕ್ಟು ಕೂಲಿಗಳ ಹೆಂಡಿರಿಗೆ, ಬೆಳಗಿನ ಪಾತ್ರೆ ಮುಗಿದ ಮೇಲೆ ಹನ್ನೊಂದು ಗಂಟೆಗೆ ಸಮುದಾಯ ಭವನದಲ್ಲಿ ಸೇರುವುದು. ಮುಂದೆ ನಿಂತವಳು ನನ್ನ ಸೊಸೆ. ಅವಳು ಕೆಟ್ಟವಳಲ್ಲ, ಹಿಡಿದ ಕೆಲಸ ಬಿಡುವವಳೂ ಅಲ್ಲ. ಮೊದಲ ದಿನ ಬಂದವರಿಂದಲೆಲ್ಲ ಒಂದು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿ, "ಇದೇ ಕೊನೆ" ಎಂದು ಹೇಳಿ, ಸ್ಟಾಂಪ್ ಪ್ಯಾಡನ್ನು ಎಲ್ಲರೆದುರು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಎಲ್ಲರೂ ನಲ್ಲಿಗೆ ಹೋಗಿ ಸೋಪು ಹಚ್ಚಿ ಬೆರಳು ತೊಳೆದರು. ಚಪ್ಪಾಳೆ ಆಯಿತು. ನಾನೂ ತಟ್ಟಿದೆ.

ಮನೆಯಲ್ಲಿ ಕೂತು ಬೇಸರವಾಗಿ ನಾನೂ ಹೋಗಿ ಹಿಂದೆ ಕೂರುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಆದರೆ ಅವರ ಅಕ್ಷರ ನಮ್ಮ ಅಕ್ಷರದ ತಂಗಿಯ ಹಾಗಿದೆ, ಬೇಗ ಗುರುತು ಸಿಕ್ಕಿತು. ಕೈ ತಿರುಗದವರ ಕೈ ಹಿಡಿದು ತಿದ್ದಿಸುವ ಕೆಲಸ ನನಗೆ ಕೊಟ್ಟರು. ಸಾರಿಗೆ ಉಪ್ಪು ಹೆಚ್ಚಾದರೆ ಸಾಕು, ಮಗ "ಟೀಚರಮ್ಮನವರು ಸ್ಕೂಲಿಂದ ಈಗ ಬಂದ್ರಾ" ಎಂದು ಆಡಿಕೊಳ್ಳುವನು.

ಭವನದಲ್ಲಿ ಏನೂ ಕಮ್ಮಿ ಇರಲಿಲ್ಲ. ಸ್ಲೇಟು ಇತ್ತು, ಗೋಡೆ ತುಂಬ ಚಿತ್ರಪಟ ಇತ್ತು, ಒಂದು ಬೀರು ತುಂಬ ದಪ್ಪಕ್ಷರದ ಕಥೆ ಪುಸ್ತಕ ಇತ್ತು. ಪುಸ್ತಕ ಕೊಳೆಯಾಗುತ್ತದೆ ಎಂದು ಬೀರುವಿಗೆ ಬೀಗ. ಕೀಲಿ ಯಾರ ಹತ್ತಿರ ಇದೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಅವರೆದುರು ಎಲ್ಲರೂ ಸಹಿ ಹಾಕಿ ತೋರಿಸಬೇಕು. ಪಾಠದ ಪುಸ್ತಕ ಪಕ್ಕಕ್ಕಿಟ್ಟರು. ಹೆಸರು ಬರೆ, ಮತ್ತೆ ಬರೆ, ಬೇಗ ಬರೆ. ಇಷ್ಟೇ ಆಯಿತು.

"ಹೆಸ್ರು ಗೀಚೋಕೆ ಬಂದ್ರೆ ಓದು ಬಂದಂಗಾಯ್ತೇನಮ್ಮ?" ಎಂದು ಕೇಳಿದೆ.

"ಮೊದ್ಲು ಧೈರ್ಯ ಬರ್ಲಿ ಅತ್ತೆ. ಓದು ಆಮೇಲೆ ತಾನಾಗೇ ಬರತ್ತೆ" ಎಂದಳು ಸೊಸೆ.

ಎಂ.ಎ. ಮಾಡಿದವಳು ಹೇಳುತ್ತಿದ್ದಾಳೆ, ಇರಬಹುದು ಎಂದುಕೊಂಡೆ.

ಎಲ್ಲರಿಗಿಂತ ಮೊದಲು ಕೈ ಕುದುರಿದ್ದು ಇವಳಿಗೆ. ಪಾತ್ರೆ ತಿಕ್ಕುತ್ತ ಕೂತಲ್ಲೇ ಒದ್ದೆ ಬೆರಳಲ್ಲಿ ಬಚ್ಚಲ ಕಲ್ಲಿನ ಮೇಲೆ ಹೆಸರು ಬರೆಯುವಳು, ಅದು ಒಣಗುವ ಮೊದಲು ಇನ್ನೊಂದು ಬರೆಯುವಳು. ಕೊನೆಯ ಅಕ್ಷರದ ಬಾಲವನ್ನು ಎಳೆದು ಹೆಸರಿನ ಕೆಳಗೆ ಗೆರೆ ಹಾಕುವುದನ್ನು ಯಾರಿಂದಲೋ ನೋಡಿ ಕಲಿತಿದ್ದಳು. ಅಧಿಕಾರಿ ಬಂದ ದಿನ ಪೆನ್ನು ಎತ್ತದೆ ಒಂದೇ ಬೀಸಿಗೆ ಸಹಿ ಹಾಕಿದಳು. ಅವರು ಅವಳಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅತ್ತೆ ಗೇಟಿನಲ್ಲಿ ಆ ಡಬ್ಬಿಯನ್ನು ತಿರುಗಿಸಿ ನೋಡಿ, "ಇದರಲ್ಲಿ ಮಗು ಇದೆಯೇನೇ?" ಎಂದಳಂತೆ.

ಆಮೇಲೆ ಅವಳು ಗಂಡನಿರುವಲ್ಲಿಗೆ ವಿಜಯವಾಡಕ್ಕೆ ಹೋದಳು. ಅಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋದಳು. ನಾನೂ ಆ ಬೇಸಗೆಗೆ ಮಗಳ ಮನೆಗೆ ಹೋಗಿದ್ದೆ. ಒಂದು ದಿನ ಅವಳ ಗಂಡ ಕಾಯಿನ್ ಬೂತಿನಿಂದ ಮಗಳ ಮನೆಗೆ ಫೋನು ಮಾಡಿ, ಆಪರೇಷನ್ ಆಗಿದೆ, ಮಾಮ್ಮಗಾರು ಒಂದು ಸಲ ಬಂದು ನೋಡಬೇಕಂತೆ ಎಂದ. ನಾನು ಗಂಜಿ ಕಟ್ಟಿಕೊಂಡು ಆಟೋದಲ್ಲಿ ಹೋದೆ.

ಅದೊಂದು ಸಣ್ಣ ನರ್ಸಿಂಗ್ ಹೋಂ, ಕೆಳಗೆ ಔಷಧಿ ಅಂಗಡಿ, ಮೇಲೆ ಒಂದೇ ಸಾಲಿನಲ್ಲಿ ಮಂಚಗಳು. ಎಲ್ಲ ಮಂಚದ ಮೇಲೂ ಹೆಂಗಸರು, ಎಲ್ಲರೂ ಕೂಲಿಯವರು. ಇವಳು ನನ್ನನ್ನು ನೋಡಿ ನಕ್ಕಳು. ಮುಖ ಬಿಳಿಚಿಕೊಂಡಿತ್ತು.

"ಒಬ್ಬಳೇ ಬಂದೆ ಮಾಮ್ಮಗಾರು. ಇವರಿಗೂ ಹೇಳಲಿಲ್ಲ. ಎಲ್ಲರಿಗೂ ಮನೆಯವರನ್ನು ಕರಕೊಂಡು ಬಾ, ಹೆಬ್ಬೆಟ್ಟು ಹಾಕಬೇಕು ಎಂದು ಕಾಯಿಸಿದರು. ನಾನು ಸಂತಕ ಹಾಕ್ತೀನಿ ಎಂದೆ. ಮೊದಲು ನನ್ನನ್ನೇ ಒಳಗೆ ಕರೆದರು."

ಸಂತಕ ಎಂದರೆ ಸಹಿ. ಒಳಗೆ ಗಡ್ಡೆ ಇದೆ, ತೆಗೆದು ಕ್ಲೀನ್ ಮಾಡುತ್ತೇವೆ ಎಂದಿದ್ದರಂತೆ. ಎಷ್ಟು ತಿಂಗಳು ಬಿಟ್ಟು ಮಗುವಿಗೆ ನೋಡಬಹುದು ಎಂದು ಅವಳು ನನ್ನನ್ನು ಕೇಳಿದಳು. ಪಕ್ಕದ ಮಂಚದವಳು ಗೋಡೆಯ ಕಡೆ ತಿರುಗಿಕೊಂಡಳು.

ಹೊರಗೆ ಬಂದು ನರ್ಸನ್ನು ಹಿಡಿದೆ. ಅವಳು ಮುಚ್ಚಿಡಲೂ ಇಲ್ಲ. ಕೋಶವನ್ನೇ ತೆಗೆದಾಯಿತು, ಬಿಟ್ಟಿದ್ದರೆ ಮುಂದೆ ಕ್ಯಾನ್ಸರು ಬರುತ್ತಿತ್ತು ಎಂದಳು. ಆ ಸಾಲಿನ ಅಷ್ಟೂ ಜನಕ್ಕೆ ಕ್ಯಾನ್ಸರು ಬರುವುದಿತ್ತೋ ಏನೋ. ಅವಳಿಗೆ ಓದಿ ಹೇಳಿದ್ದಿರಾ ಎಂದು ಕೇಳಿದೆ.

"ಸಹಿ ಹಾಕುವವರಿಗೆ ಯಾಕಮ್ಮಾ ಓದಿ ಹೇಳುವುದು?" ಎಂದಳು.

ಕಾಗದವನ್ನೂ ತೋರಿಸಿದಳು. ಮೇಲಿನದೆಲ್ಲ ಸಣ್ಣಕ್ಷರದ ಇಂಗ್ಲಿಷು. ಕೆಳಗೆ ಅವಳ ಹೆಸರು, ಅದರ ಅಡಿಯಲ್ಲಿ ಎಳೆದ ಬಾಲ. ಪೆನ್ನು ಎಲ್ಲಿಯೂ ನಿಂತಿರಲಿಲ್ಲ.

ಅವಳಿಗೆ ಹೇಳುವ ಧೈರ್ಯ ಗಂಡನಿಗೆ ಇರಲಿಲ್ಲ, ಡಾಕ್ಟರು ಅಂದು ಬರುವುದಿರಲಿಲ್ಲ. ನಾನೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕೋಶ ತೆಗೆದಿದ್ದಾರೆ, ಇನ್ನು ಮಗು ಆಗುವುದಿಲ್ಲ ಎಂದೆ.

"ಪೂರ್ತಿನಾ?" ಎಂದಳು.

"ಪೂರ್ತಿ."

ನೀರು ಕೇಳಿದಳು, ಕೊಟ್ಟೆ. ಕುಡಿದು ಲೋಟ ಹಿಂದಕ್ಕೆ ಕೊಡುತ್ತ, "ಅತ್ತೆಗೆ ಹೇಳಬೇಡಿ" ಎಂದಳು. ನಾನು ಗಂಜಿಯ ಡಬ್ಬಿ ಬಿಟ್ಟು ಬಂದೆ. ಅಳಿಯ ಯಾರೋ ವಕೀಲರನ್ನು ಕೇಳಿ ನೋಡಿದ. ಸಹಿ ಇದೆಯಲ್ಲ, ಹೆಬ್ಬೆಟ್ಟಾಗಿದ್ದರೆ ಏನಾದರೂ ಹೇಳಬಹುದಿತ್ತು ಎಂದರಂತೆ ಅವರು.

ಮಳೆ ಹಿಡಿಯುವ ಹೊತ್ತಿಗೆ ನಾನು ವಿಶಾಖಪಟ್ಟಣಕ್ಕೆ ವಾಪಸು ಬಂದೆ. ಆಟೋ ಟೌನ್‌ಶಿಪ್ಪಿನ ಗೇಟಿನ ಹತ್ತಿರ ನಿಧಾನ ಮಾಡಿದಾಗ ಬೆಲ್ಲದ ಬುಟ್ಟಿ ಕಂಡಿತು. ಇಳಿದೆ. ಅತ್ತೆಗೆ ಎಲ್ಲ ಗೊತ್ತಾಗಿತ್ತು. ಇಂಥದ್ದು ಎಷ್ಟು ದಿನ ಮುಚ್ಚಿಡಲಾಗುತ್ತದೆ? ಸೊಸೆಯನ್ನು ತಾನೇ ಹೋಗಿ ಕರೆತಂದಿದ್ದಳು. ಬಗ್ಗಿದರೆ ಸೊಂಟ ಹಿಡಿಯುತ್ತದೆ, ಬಿಂದಿಗೆ ಎತ್ತಲಾರಳು, ಮನೆಗೆಲಸ ಎಲ್ಲ ಬಿಟ್ಟಾಯಿತು. ಅವಳ ಗಂಡ ಊರಿಗೆ ಬರುವುದನ್ನು ನಿಲ್ಲಿಸಿದ್ದ. ಅವನಿಗೆ ಬೇರೆ ಹೆಣ್ಣು ನೋಡುವ ಮಾತು ನೆಂಟರಲ್ಲಿ ನಡೆದಿತ್ತು.

"ಅವನು ಏನು ಬೇಕಾದರೂ ಮಾಡಿಕೊಳ್ಳಲಿ. ಇವಳು ನನ್ನ ಮನೆಯಲ್ಲಿರುತ್ತಾಳೆ. ಎಲ್ಲಿಗೆ ಹೋಗುತ್ತಾಳೆ?" ಎಂದಳು. ಆ ಗಂಟಲು ಆ ದಿನ ತಗ್ಗಿತ್ತು. ಆಮೇಲೆ ನನ್ನನ್ನು ನೋಡಿ, "ಚಪ್ಪಾಳೆ ತಟ್ಟಿ ಕೈ ತೊಳೆಸಿದಿರಿ. ನಾನು ಪಕ್ಕದಲ್ಲಿ ನಿಂತಿದ್ದರೆ ಆ ಡಾಕ್ಟರಮ್ಮ ಮೂರು ಸಲ ಓದಬೇಕಾಗುತ್ತಿತ್ತು. ಮೂರನೇ ಸಲಕ್ಕೆ ನನಗೆ ಅರ್ಥವಾಗುತ್ತಿತ್ತು. ಏಳಿಸಿ ಕರಕೊಂಡು ಬರುತ್ತಿದ್ದೆ" ಎಂದಳು.

ಸುಳ್ಳು ಏನೂ ಇರಲಿಲ್ಲ ಅದರಲ್ಲಿ. ನಾನು ಅರ್ಧ ಕೇಜಿ ಬೆಲ್ಲ ಕೊಡು ಎಂದೆ.

"ಬೆಲ್ಲ ಇಲ್ಲ" ಎಂದಳು. ಬುಟ್ಟಿ ತುಂಬ ಇತ್ತು.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು, ಆದರೂ ಹೊಸ ತಂಡ ಸೇರಿದೆ, ಅಧಿಕಾರಿ ಇನ್ನೊಮ್ಮೆ ಬರುತ್ತಾರೆ, ಕ್ಲಾಸಿನಲ್ಲಿ ಈ ಮಾತು ಎತ್ತಬೇಡಿ, ಹೆಂಗಸರು ಹೆದರಿ ಬಿಟ್ಟುಹೋಗುತ್ತಾರೆ ಎಂದಳು. ಹೆದರಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪಾತ್ರೆಯನ್ನು ನಾನೇ ತೊಳೆದೆ. ಸ್ಟೇಷನರಿ ಅಂಗಡಿಗೆ ನಡೆದು ಒಂದು ಸ್ಟಾಂಪ್ ಪ್ಯಾಡು ಕೊಂಡೆ. ಹನ್ನೊಂದಕ್ಕೆ ಭವನಕ್ಕೆ ಹೋದರೆ ಹೊಸಬರು ಕೂತು ಹೆಸರು ತಿದ್ದುತ್ತಿದ್ದರು. ಅವರ ನಡುವೆ ಪ್ಯಾಡು ಇಟ್ಟು ಮುಚ್ಚಳ ತೆಗೆದೆ. ನನ್ನ ಮುರುಕು ತೆಲುಗಿನಲ್ಲಿ ಅವಳಿಗೆ ಆದದ್ದನ್ನು ಆದ ಹಾಗೆ ಹೇಳಿದೆ. ಓದಿ ಅರ್ಥ ಮಾಡಿಕೊಳ್ಳುವುದು ಬರುವ ತನಕ ಹೊರಗೆ ಯಾವ ಕಾಗದಕ್ಕೂ ಹೆಸರು ಬರೆಯಬೇಡಿ, ಹೆಬ್ಬೆಟ್ಟು ಒತ್ತಿ, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೂರು ಸಲ ಓದಿಸಿ ಎಂದೆ. ಒಬ್ಬಳು ಎದ್ದು ಹೋದಳು. ಉಳಿದವರು ಕೂತರು. ಬೋರ್ಡಿನ ಹತ್ತಿರ ನಿಂತಿದ್ದ ಸೊಸೆ, "ಅತ್ತೆ, ಬನ್ನಿ ಮನೆಗೆ" ಎಂದಳು. ನಾನು ಮೇಜಿನ ಮೇಲಿದ್ದ ಹಾಜರಿ ಹಾಳೆ ಎಳೆದುಕೊಂಡೆ. ನನ್ನ ಸಹಿ ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಹಾಳೆಯನ್ನು ಅವಳ ಕಡೆ ತಳ್ಳಿದೆ.

"ಮೇಲೆ ಏನು ಬರ್ದಿದೆ, ಓದಮ್ಮ" ಎಂದೆ. "ಗಟ್ಟಿಯಾಗಿ ಓದು."